ಐದನೆಯ ಮುದ್ರೆ

ಅರಗಿನ ಕಡ್ಡಿಯನ್ನು ಮೇಣಬತ್ತಿಯ ಉರಿಯ ಮೇಲೆ ಹಿಡಿಯಬಾರದು, ಪಕ್ಕಕ್ಕೆ ಹಿಡಿಯಬೇಕು. ಮೇಲೆ ಹಿಡಿದರೆ ಮಸಿ ಕೂಡಿ ಕಪ್ಪಾಗುತ್ತದೆ. ಹನಿ ಬಿದ್ದ ಕೂಡಲೇ ಮುದ್ರೆ ಒತ್ತಬಾರದು, ಒಂದು ಉಸಿರಿನಷ್ಟು ತಡೆಯಬೇಕು. ಒತ್ತುವ ಮೊದಲು ಹಿತ್ತಾಳೆಯ ಮುದ್ರೆಯನ್ನು ಒದ್ದೆ ಬಟ್ಟೆಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಅರಗೇ ಕಿತ್ತುಕೊಂಡು ಬರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಬೆರಳು ಸುಟ್ಟುಕೊಂಡು ಕಲಿತೆ. ಕೋರ್ಟಿನ ಸಿಪಾಯಿಯಾಗಿ ಮೂವತ್ತು ವರ್ಷಕ್ಕೂ ಮೇಲೆ ದುಡಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕಿನ ಗಡಿ ದಾಟಿ ನನ್ನ ನೌಕರಿ ಹೋಗಲಿಲ್ಲ. ಅಷ್ಟೂ ವರ್ಷಗಳಲ್ಲಿ ನಾನು ಕಟ್ಟಿ ಅರಗು ಹಾಕಿದ ಒಂದು ಪೊಟ್ಟಣವೂ ದಾರಿಯಲ್ಲಿ ಬಿಚ್ಚಿಕೊಂಡಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ನಾನು ಮಾಡಿದ ಅತಿ ದೊಡ್ಡ ತಪ್ಪು ಹುಟ್ಟಿದ್ದೂ ಇದೇ ಹೆಮ್ಮೆಯಿಂದ.

ಈಗ ಈ ಕೆಲಸಕ್ಕೆ ಬರುವ ಹುಡುಗರು ಪದವಿ ಮುಗಿಸಿ ಬರುತ್ತಾರೆ. ನಾನು ಆರನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅಪ್ಪ ಧಾರವಾಡ ಸೀಮೆಯಿಂದ ಬಂದು ದಾಂಡೇಲಿಯ ಬಂಗೂರನಗರದ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೂಲಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಸಿಕ್ಕ ಕೆಲಸವೆಲ್ಲ ಮಾಡಿ, ಕೊನೆಗೆ ಕೋರ್ಟಿನಲ್ಲಿ ನೆಲ ಗುಡಿಸುವ ದಿನಗೂಲಿಯಾಗಿ ಸೇರಿದೆ. ಕಾಯಂ ಆದದ್ದು, ಬಡ್ತಿ ಸಿಕ್ಕದ್ದು ಇವೆಲ್ಲ ಸರ್ವಿಸ್ ಪುಸ್ತಕದಲ್ಲಿ ಇವೆ, ಬೇಕಾದವರು ನೋಡಿಕೊಳ್ಳಲಿ. ನಾನು ಇಲ್ಲಿ ಬರೆಯುವುದು ಒಂದು ಪ್ರಕರಣದ ಬಗ್ಗೆ. ಸರ್ಕಾರದ ಗುಪ್ತ ಕಾಗದ ಹೊರಗೆ ಹೋಯಿತು ಅನ್ನುವ ಆಪಾದನೆ. ಅಂಥದ್ದು ನನ್ನ ನೌಕರಿಯಲ್ಲಿ ಬಂದದ್ದು ಅದೊಂದೇ. ಯಾವ ಕಚೇರಿ, ಯಾವ ಕೋರ್ಟು ಅಂತ ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಬಾಗಿಲು ಮುಚ್ಚಿ ನಡೆಸಿದ ವಿಚಾರಣೆ ಅದು. ನನ್ನ ಪಾಲಿಗೆ ಬಂದದ್ದನ್ನು ಮತ್ತು ಕೊನೆಗೆ ಎಲ್ಲರೆದುರು ಓದಿದ್ದನ್ನು ಮಾತ್ರ ಬರೆಯುತ್ತೇನೆ.

ದಾಂಡೇಲಿಯ ಒಂದು ಲಾಡ್ಜಿನಲ್ಲಿ ಪೊಲೀಸರು ಒಬ್ಬ ಕಂತ್ರಾಟುದಾರನ ಕೋಣೆ ತಪಾಸಣೆ ಮಾಡಿದಾಗ ಒಂದು ನಕ್ಷೆಯ ಝೆರಾಕ್ಸ್ ಹಾಳೆ ಸಿಕ್ಕಿತು. ಹಾಳೆಯ ಮೂಲೆಯಲ್ಲಿ 'ಗುಪ್ತ' ಎಂಬ ಠಸ್ಸೆ. ಆ ಕಂತ್ರಾಟುದಾರ ಜಾಮೀನಿನ ಮೇಲೆ ಹೊರಗೆ ಬಂದವನು ಪರಾರಿಯಾದ, ಮತ್ತೆ ಸಿಗಲೇ ಇಲ್ಲ. ಕಟಕಟೆಯಲ್ಲಿ ಉಳಿದವರು ಒಬ್ಬರೇ, ಪಾವಲೀನಾ ಸಿದ್ದಿ. ಹಳಿಯಾಳದ ಆಚೆಯ ಒಂದು ಹಳ್ಳಿಯ ಸಿದ್ದಿ ಜನಾಂಗದವರು. ಅವರ ಮನೆತನದಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲಿಗರು. ಒಂದು ಕಚೇರಿಯಲ್ಲಿ ಝೆರಾಕ್ಸ್ ಯಂತ್ರ ನಡೆಸುತ್ತಿದ್ದರು, ನಕ್ಷೆಗಳ ಕಪಾಟೂ ಅವರ ವಶದಲ್ಲಿತ್ತು. ಆ ಗುಪ್ತ ನಕ್ಷೆಯ ಮೂರು ಪ್ರತಿಗಳಿದ್ದವು. ಒಂದನೆಯದು, ಮೂರನೆಯದು ಮೇಲಿನ ಕಚೇರಿಯಲ್ಲಿ, ಎರಡನೆಯದು ಪಾವಲೀನಾ ಅವರ ಕಪಾಟಿನಲ್ಲಿ. ಯಂತ್ರವೂ ಅವರ ಕೈಯಲ್ಲಿ, ನಕ್ಷೆಯೂ ಅವರ ಕೈಯಲ್ಲಿ. ತನಿಖೆಯವರಿಗೆ ಅಷ್ಟು ಸಾಕಾಯಿತು. ಅಮಾನತು ಮಾಡಿದರು, ಬಂಧಿಸಿದರು, ಕೆಲವು ವಾರಗಳ ಮೇಲೆ ಜಾಮೀನು ಸಿಕ್ಕಿತು.

ಮೊದಲ ತಾರೀಖಿನಂದು ವರಾಂಡದಲ್ಲಿ ನಿಂತವರು, "ಇಂಥವ್ರ ಕೈಯಾಗ ಗುಪ್ತ ಕಾಗದ ಕೊಟ್ಟವ್ರು ಯಾರು ಮಾರಾಯಾ" ಎಂದು ಆಕೆಗೆ ಕೇಳುವ ಹಾಗೆಯೇ ಆಡಿಕೊಂಡರು. ಆಗ ನಾನೂ ಪಾವಲೀನಾ ಅವರೇ ಮಾಡಿರಬೇಕು ಅಂದುಕೊಂಡಿದ್ದೆ. ಮುಚ್ಚಿಡುವುದಿಲ್ಲ.

ಮೊದಲ ಒಂದು ವರ್ಷ ಹೋದದ್ದು ಒಂದೇ ಒಂದು ಕಾಗದಕ್ಕೆ. ನಮ್ಮ ಶಿರಸ್ತೇದಾರರಾದ ಕುಲಕರ್ಣಿ ಸಾಹೇಬರು, ಅಂದರೆ ಕೋರ್ಟಿನ ಕಚೇರಿಗೆ ಮುಖ್ಯಸ್ಥರು, ನನ್ನಂಥ ಓದದವನಿಗೂ ಕಾನೂನನ್ನು ಬಿಡಿಸಿ ಹೇಳುತ್ತಿದ್ದರು.

"ಮಲ್ಲಪ್ಪಾ, ಕಳವಿನ ಕೇಸಿಗೆ ಪೊಲೀಸ್ರು ಚಾರ್ಜ್‌ಶೀಟ್ ಹಾಕಿದ್ರ ಮುಗೀತು. ಇದಕ್ಕ ಹಂಗಿಲ್ಲ. ಸರ್ಕಾರನ ಬಂದು ದೂರು ಕೊಡಬೇಕು."

"ಸರ್ಕಾರ ಹೆಂಗ್ ಬರ್ತದ್ರಿ ಸಾಹೇಬ್ರ? ಬಸ್ಸಿಗೇನು?"

"ಅಧಿಕಾರದ ಪತ್ರ ತಗೊಂಡು ಒಬ್ಬ ಅಧಿಕಾರಿ ಬರ್ತಾನ. ಇವ್ರು ಅಧಿಕಾರೀನ ಕಳಿಸ್ಯಾರ, ಪತ್ರ ಕಳಿಸಿಲ್ಲ."

ದೂರು ವಾಪಸ್ ಹೋಯಿತು. ಮೇಜಿನಿಂದ ಮೇಜಿಗೆ ಅಲೆದು, ಸರಿಯಾದ ಪತ್ರದ ಜೊತೆ ಮರಳಿ ಬರುವ ಹೊತ್ತಿಗೆ ನಮ್ಮ ನ್ಯಾಯಾಧೀಶರಿಗೇ ವರ್ಗ ಆಗಿತ್ತು. ಆಗ ನಾನೂ ಬೈದುಕೊಂಡೆ. ಈಗ ಹಾಗನಿಸುವುದಿಲ್ಲ. ಒಬ್ಬರನ್ನು ದೇಶಕ್ಕೆ ಎರಡು ಬಗೆದವರು ಅನ್ನುವ ಮೊದಲು ಯಾರೋ ಒಬ್ಬರು ಹೆಸರು ಬರೆದು, ಸಹಿ ಹಾಕಿ, ಇದಕ್ಕೆ ನಾನು ಹೊಣೆ ಅನ್ನಬೇಕು. ಸಿಟ್ಟಿನ ಭರದಲ್ಲಿ ಹೊರಿಸುವ ಮಾತಲ್ಲ ಅದು. ಕಾನೂನು ಬರೆದವರು ಆ ತಡೆಯನ್ನು ಬೇಕೆಂದೇ ಇಟ್ಟಿದ್ದಾರೆ.

ಆಮೇಲೆ ಲಾಡ್ಜಿನಲ್ಲಿ ಸಿಕ್ಕ ಹಾಳೆ ಮತ್ತು ಎರಡನೆಯ ನಂಬರಿನ ನಕ್ಷೆ, ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿದರು. ಅವು ಒಂದೇ ಕವರಿನಲ್ಲಿ, ಐದು ಅರಗಿನ ಮುದ್ರೆ ಹೊತ್ತು ನಮ್ಮ ಕೋರ್ಟಿಗೆ ವಾಪಸ್ ಬಂದವು. ಐದೂ ಪ್ರಯೋಗಾಲಯದ ಮುದ್ರೆಗಳು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಕವರನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕುಲಕರ್ಣಿ ಸಾಹೇಬರು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಪಾವಲೀನಾ ಪ್ರತಿ ತಾರೀಖಿಗೆ ಹಳಿಯಾಳದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಒಂದು ಸಲವೂ ತಪ್ಪಿಸಲಿಲ್ಲ. ವರಾಂಡದ ಬೆಂಚಿನ ತುದಿಗೆ ಕೂತು, ಹೆಸರು ಕೂಗಿದಾಗ ಎದ್ದು ಒಳಗೆ ಹೋಗಿ, ಮುಂದಿನ ತಾರೀಖು ಕೇಳಿಕೊಂಡು ಹೊರಡುವರು. ಬರುಬರುತ್ತಾ ನಮಗೆ ಮಾತು ಬೆಳೆಯಿತು.

"ತಂಗೀ, ಇವತ್ತೂ ಇಲ್ಲವಾ. ಸಾಹೇಬ್ರು ರಜಾ."

"ಬಸ್ಸಿನ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲು ಕಂಡಾಗನ ಅನ್ಕೊಂಡೆ ಅಣ್ಣಾರ, ಇವತ್ತ ಎಲ್ಲಾ ತಡಾನ ಅಂತ."

ಅದೊಂದು ದಿನ ಅವರು ನನಗೆ ವಿಷಯ ಬಿಡಿಸಿ ಹೇಳಿದರು. "ಪೊಲೀಸ್ರು ಲಾಡ್ಜಿನ ಹಾಳಿ ನನಗ ತೋರಿಸಿದ್ರು. ಅದರ ಎಡಕ್ಕ ಎರಡು ಕರೀ ಚುಕ್ಕಿ ಅದಾವ್ರಿ. ಫೈಲಿಗೆ ಹಾಕಾಕ ತೂತು ಹೊಡದ ಕಾಗದ ಝೆರಾಕ್ಸ್ ತಗದ್ರ ಆ ತೂತು ಕರ್ರಗ ಬೀಳ್ತಾವು. ನನ್ನ ಎರಡನೇ ನಂಬರ್ ನಕ್ಷಾಕ್ಕ ತೂತ ಇಲ್ಲ. ನಾ ಅದನ್ನ ಸುತ್ತಿ ಕೊಳವಿಯೊಳಗ ಇಡತಿದ್ದೆ. ಆ ಹಾಳಿ ನನ್ನ ನಕ್ಷಾದ್ದಲ್ಲ."

"ಇದನ್ನ ಹೇಳೀಯೇನು ಎಲ್ಲಾರಿಗೂ?"

"ಮೊದಲನೇ ದಿನಾನ ಹೇಳೇನಿ. ಬರಕೊಂಡಾರ. ನೋಡಿಲ್ಲ."

ಪ್ರಯೋಗಾಲಯದವರನ್ನು ಕೇಳಿದ್ದು ಒಂದೇ ಪ್ರಶ್ನೆ, ಎರಡೂ ಒಂದೇ ನಕ್ಷೆಯೇ ಅಂತ. ಹೌದು ಅಂತ ಅವರು ಉತ್ತರ ಕೊಟ್ಟರು. ಯಾವ ಪ್ರತಿಯಿಂದ ತೆಗೆದದ್ದು ಅಂತ ಯಾರೂ ಕೇಳಿರಲಿಲ್ಲ. ಗುಪ್ತ ಕಾಗದವಾದ್ದರಿಂದ ಆಕೆಯ ವಕೀಲರಿಗೂ ಕವರಿನೊಳಗೆ ಇಣುಕಲು ಅಪ್ಪಣೆ ಇರಲಿಲ್ಲ. ಸಾಕ್ಷಿಗಳು ಮುಗಿದು ಕೋರ್ಟು ತಾನೇ ಕವರು ತೆರೆಯುವವರೆಗೆ ಆ ಎರಡು ಚುಕ್ಕೆಗಳು ಕತ್ತಲಲ್ಲೇ ಇರಬೇಕು. ಆಕೆ ಕಾಯುತ್ತಿದ್ದದ್ದು ಅಷ್ಟಕ್ಕೇ. ಇದನ್ನು ಕೇಳಿದ ದಿನ ನನ್ನ ಮನಸ್ಸು ತಿರುಗಿತು.

ಇನ್ನು ನನ್ನ ತಪ್ಪಿನ ವಿಷಯ. ಒಂದು ಮಳೆಗಾಲ ಕೋರ್ಟಿನ ಮಾಡು ಸೋರಿ ಕಬ್ಬಿಣದ ಕಪಾಟಿನ ಮೇಲೆ ನೀರು ಬಿತ್ತು. ಕುಲಕರ್ಣಿ ಸಾಹೇಬರು ಬೀಗ ತೆಗೆದು ನೋಡುತ್ತಿದ್ದಾಗಲೇ ನ್ಯಾಯಾಧೀಶರ ಕೋಣೆಯಿಂದ ಕರೆ ಬಂತು. "ಹಸಿ ಆದದ್ದೇನರ ಇದ್ರ ಫ್ಯಾನಿನ ಕೆಳಗ ಇಡಪಾ, ಬಂದೆ" ಅಂದು ಹೋದರು. ನಾನು ಕೈ ಹಾಕಿದಾಗ ಸಿಕ್ಕದ್ದು ಆ ಕವರು. ಬಾಯಿ ಭದ್ರವಾಗಿತ್ತು, ಆದರೆ ಒಂದು ಮೂಲೆಯ ಮುದ್ರೆ ತಂಪಿಗೆ ಬಿರುಕು ಬಿಟ್ಟು, ಚೂರು ಚೂರಾಗಿ ನನ್ನ ಅಂಗೈಗೆ ಉದುರಿತು.

ಎರಡು ನಿಮಿಷದ ಕೆಲಸ. ಅರಗು, ಮೇಣಬತ್ತಿ, ಮುದ್ರೆ ಎಲ್ಲ ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಹಳೆಯ ಚೂರು ಒರೆಸಿ ಹೊಸ ಹನಿ ಬಿಟ್ಟು ಮುದ್ರೆ ಒತ್ತಿದೆ. ಬಣ್ಣವೂ ಹೊಂದಿಕೊಂಡಿತು. ಕೈಯಿಂದ ದೂರ ಹಿಡಿದು ನೋಡಿದಾಗ ಉಳಿದ ನಾಲ್ಕಕ್ಕಿಂತ ನನ್ನದೇ ಚಂದ ಕಂಡಿತು. ಸಾಹೇಬರು ಬಂದಾಗ, "ಎಲ್ಲಾ ಬರೋಬರಿ ಐತ್ರಿ" ಅಂದೆ. ನಾನು ಒತ್ತಿದ್ದು ನಮ್ಮ ಕೋರ್ಟಿನ ಮುದ್ರೆ, ಪ್ರಯೋಗಾಲಯದ್ದಲ್ಲ, ಅನ್ನುವುದು ಆ ಕ್ಷಣಕ್ಕೆ ನನ್ನ ತಲೆಗೇ ಹೊಳೆಯಲಿಲ್ಲ. ಮುರಿದದ್ದನ್ನು ಸರಿಮಾಡುವುದು ಕೆಲಸ ಅಂದುಕೊಂಡಿದ್ದೆ.

ಕವರು ತೆರೆಯುವ ಮೊದಲು ಲಾಡ್ಜಿನ ಪಂಚನಾಮೆಗೆ ಸಹಿ ಹಾಕಿದ್ದ ಜೀಪು ಚಾಲಕ ಸಾಕ್ಷಿ ಹೇಳಬೇಕಿತ್ತು. ಅವನೋ ಊರು ಬಿಟ್ಟಿದ್ದ. ಠಾಣೆಯಿಂದ ಮೂರು ಸಲ 'ಸಿಗಲಿಲ್ಲ' ಅಂತ ಸಮನ್ಸು ವಾಪಸ್ ಬಂತು. ಆ ಹೊತ್ತಿಗೆ ನಮಗೆ ಹೊಸದಾಗಿ ಬಂದ ನ್ಯಾಯಾಧೀಶರು ಒಬ್ಬ ಮೇಡಂ. ಫೈಲು ನೋಡಿ, ಇದು ಇಷ್ಟು ವರ್ಷ ಯಾಕೆ ನಿಂತಿದೆ ಅಂತ ಕೇಳಿದವರಲ್ಲಿ ಅವರೇ ಮೊದಲಿಗರು. ಸಮನ್ಸನ್ನು ನನ್ನ ಕೈಗೆ ಕೊಟ್ಟರು. ಕೋರ್ಟಿನ ಸಿಬ್ಬಂದಿಯೂ ಜಾರಿ ಮಾಡಬಹುದು ಅಂತ ಕಾನೂನಿದೆ. ಮನುಷ್ಯ ಅಣಶಿಯಲ್ಲಿದ್ದಾನೆ ಅಂತ ಜೋಯಿಡಾದ ಚಹಾದಂಗಡಿಯಲ್ಲಿ ಪತ್ತೆ ಹಚ್ಚಿ, ಬಸ್ಸಿನಿಂದ ಇಳಿದು ನಡೆದು ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತಳು.

"ಅವ್ರು ಗೋವಾಕ್ಕ ಹೋಗ್ಯಾರ. ಯಾವಾಗ ಬರ್ತಾರೋ ಗೊತ್ತಿಲ್ಲ."

"ಚಪ್ಲಿ ಬಿಟ್ಟು ಹೋಗ್ಯಾರೇನ್ರಿ ಬಾಯಿ, ಗೋವಾಕ್ಕ?" ಅಂದು ಕಟ್ಟೆಯ ಮೇಲೆ ಕೂತೆ. "ಬರಲಿ. ನಾ ಸಂಜಿ ಬಸ್ಸಿನತನಕ ಇರ್ತೇನಿ."

ಅರ್ಧ ತಾಸಿಗೆ ಕೊಟ್ಟಿಗೆಯಲ್ಲಿ ಸೀನಿದ ಸದ್ದು ಕೇಳಿಸಿತು. ಮೈತುಂಬ ಹುಲ್ಲು ಹತ್ತಿಸಿಕೊಂಡು, ಕತ್ತು ಕೆರೆಯುತ್ತ ಹೊರಗೆ ಬಂದ ಅವನು, "ಒಂದು ಸಹಿ ಮಾಡಿದ್ದಕ್ಕ ಎಷ್ಟು ವರ್ಷ ಬೆನ್ನು ಹತ್ತತೀರ್ರಿ ಸಾಹೇಬ್ರ?" ಅಂದ.

"ನಿನ್ನ ಒಂದು ಸಹಿ ಸಲುವಾಗಿ ಒಬ್ಬಾಕಿ ಎಷ್ಟು ವರ್ಷದಿಂದ ಬೆಂಚಿನ ಮ್ಯಾಲ ಕೂತಾಳ ಗೊತ್ತೈತೇನು?" ಅಂದೆ. ಅವನು ಸಮನ್ಸಿಗೆ ಸಹಿ ಹಾಕಿದ. ತಾರೀಖಿಗೆ ಸರಿಯಾಗಿ ಬಂದು ಸಾಕ್ಷಿಯನ್ನೂ ಹೇಳಿದ.

ಕೊನೆಗೆ ಕವರು ತೆರೆಯುವ ದಿನ ಬಂತು. ಒಳಗೆ ಮೇಡಂ, ಸರ್ಕಾರಿ ವಕೀಲರು, ಪಾವಲೀನಾ, ಅವರ ಪರ ಧಾರವಾಡದ ದೇಸಾಯಿ ವಕೀಲರು, ಪ್ರಯೋಗಾಲಯದ ಅಧಿಕಾರಿ, ಕುಲಕರ್ಣಿ ಸಾಹೇಬರು. ನಾನು ಕವರು ತಂದು ಮೇಜಿನ ಮೇಲಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಹೋಗಬೇಕು. ಅಷ್ಟರಲ್ಲಿ ಅಧಿಕಾರಿ ತಮ್ಮ ಮಾದರಿ ಮುದ್ರೆಯ ಕಾಗದವನ್ನು ಕವರಿನ ಪಕ್ಕಕ್ಕೆ ಹಿಡಿದು, "ಮೇಡಂ, ನಾಲ್ಕು ನಮ್ಮವು. ಈ ಮೂಲೆಯದು ನಮ್ಮದಲ್ಲ" ಅಂದರು.

ಮೇಡಂ ಕನ್ನಡಕ ತೆಗೆದು ಬಗ್ಗಿ ನೋಡಿದರು. "ಇದು ಈ ಕೋರ್ಟಿನ ಮುದ್ರೆ. ಕುಲಕರ್ಣಿಯವರೇ, ಈ ಕವರನ್ನು ನಾವು ಎಂದಾದರೂ ತೆರೆದಿದ್ದೇವೆಯೇ?"

"ಇಲ್ಲ ಮೇಡಂ." ಅವರ ಧ್ವನಿ ಇಳಿದಿತ್ತು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದ ಮನುಷ್ಯ. ಬೀಗದ ಕೈ ಅವರದು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ನಡೆದಿದ್ದರೆ ಅದು ಅವರ ಕೊರಳಿಗೆ ಬೀಳುತ್ತಿತ್ತು. ನನ್ನ ಕೈ ಬಾಗಿಲ ಚಿಲಕದ ಮೇಲಿತ್ತು. ತಿರುಗಿ ಬಂದು, "ಅದನ್ನ ಹಚ್ಚಿದವ ನಾನ್ರಿ" ಅಂದೆ.

ಎಷ್ಟೋ ಸಾವಿರ ಸಾಕ್ಷಿಗಳ ಹೆಸರು ಕೂಗಿದ್ದೆ, ಕಟಕಟೆಯೊಳಗೆ ನಾನೇ ನಿಂತದ್ದು ಅಂದು ಮೊದಲು. ಪ್ರಮಾಣ ಮಾಡಿಸಿ ಎಲ್ಲ ಕೇಳಿದರು.

"ಯಾರಿಗೂ ಯಾಕೆ ಹೇಳಲಿಲ್ಲ?" ಮೇಡಂ ಕೇಳಿದರು.

"ಒಡದದ್ದು ಕಂಡ್ರ ಕೋರ್ಟಿನ ಹೆಸರು ಕೆಡ್ತದ ಅನ್ನಿಸ್ತ್ರಿ. ನನ್ನ ಕೈಗೆಲಸ ಚಂದ ಅಂತ ಗರ್ವನೂ ಇತ್ರಿ."

ಅವರು ಗದರಲಿಲ್ಲ. ನಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಸಿದರು, ಗರ್ವ ಅನ್ನುವ ಮಾತನ್ನೂ ಬಿಡದೆ. ದೇಸಾಯಿ ವಕೀಲರು ಮಾತ್ರ ಬಿಡಲಿಲ್ಲ. "ಮಲ್ಲಪ್ಪಾ, ನಾಳೆ ಆರೋಪಪಟ್ಟಿ ಹರದಿದ್ರ ಅದನ್ನೂ ಮನ್ಯಾಗ ಹೊಲದು ತರಾಂವ ಏನು ನೀನು?" ಅಂದರು. ನನಗೆ ಬಂದದ್ದು ಸರಿಯಾಗೇ ಬಂತು.

ಮಧ್ಯಾಹ್ನದ ಬಿಡುವಿನಲ್ಲಿ ದೇಸಾಯಿಯವರು ವರಾಂಡಕ್ಕೆ ಬಂದಾಗ ಮುಖ ಅರಳಿತ್ತು. "ತಂಗೀ, ಕೇಸು ಮುಗೀತು. ಮುದ್ರೆ ಕೆಟ್ಟ ಕವರು ಪುರಾವೆ ಆಗೂದಿಲ್ಲ. ಅದನ್ನ ಬಿಚ್ಚಬಾರದು ಅಂತ ಈಗ ಅರ್ಜಿ ಕೊಡ್ತೇನಿ. ಪುರಾವೇನ ಇಲ್ಲಂದ್ರ ನೀ ಬಿಡುಗಡಿ."

ಪಾವಲೀನಾ ಬೆಂಚಿನಿಂದ ಎದ್ದರು. "ಅರ್ಜಿ ಬ್ಯಾಡ್ರಿ."

"ಏನಂದಿ?"

"ಬಿಚ್ಚಿ ನೋಡ್ಲಿ. ಅರಗು ಒಡದಿತ್ತು ಅಂತ ಬಿಟ್ರ ನಮ್ಮ ಕಡೆ ಮಂದಿ ಏನಂತಾರ? ಮಾಡಿದ್ದು ಖರೇನ, ಹೆಂಗೋ ಪಾರಾದ್ಲು ಅಂತಾರ. ನಾಳೆ ನಮ್ಮ ಹುಡುಗ್ಯಾರು ನೌಕರಿ ಕೇಳಾಕ ಹೋದ್ರ ನನ್ನ ಹೆಸರು ಹೇಳಿ ಹಿಂದ ಕಳಸ್ತಾರ."

"ಒಳಗ ನೀ ಹೇಳಿದ ಚುಕ್ಕಿ ಕಾಣಲಿಲ್ಲಂದ್ರ? ಇಷ್ಟು ವರ್ಷದಾಗ ಮಾಸಿದ್ರ? ಜೇಲು ಆಗ್ತದವಾ. ನಾ ಹೆದರಿಸಾಕ ಹೇಳಾಕತ್ತಿಲ್ಲ."

ಅವರು ನನ್ನ ಕಡೆ ತಿರುಗಿದರು. ನಾನು ಕಂಬದ ಹಿಂದೆ ನಿಂತಿದ್ದೆ, ಮುಖ ತೋರಿಸಲು ನಾಚಿಕೆ.

"ಅಣ್ಣಾರ, ಕವರಿನ ಬಾಯಿ ನೀವು ಬಿಚ್ಚಿದ್ರೇನ್ರಿ?"

"ಇಲ್ಲವಾ ತಂಗಿ. ನನ್ನ ಮಕ್ಕಳಾಣಿ."

"ಹಂಗಾರ ಸಾಕು."

ಯಾರ ಬೇಜವಾಬ್ದಾರಿಯಿಂದ ತನ್ನ ಇಷ್ಟು ವರ್ಷದ ಕಾಯುವಿಕೆ ಮಣ್ಣು ಪಾಲಾಗಬಹುದಿತ್ತೋ, ಅದೇ ಮನುಷ್ಯನ ಮಾತಿನ ಮೇಲೆ ಆಕೆ ಜೇಲಿನ ಭಯವನ್ನು ಬದಿಗಿಟ್ಟರು. ದೇಸಾಯಿಯವರು, "ಗೆದ್ದ ಕೇಸು ಬ್ಯಾಡ ಅನ್ನೋ ಕಕ್ಷಿದಾರರನ್ನ ಇವತ್ತ ನೋಡಿದೆ" ಅಂದು ಒಳಗೆ ಹೋದರು. ಅರ್ಜಿ ಕೊಡಲಿಲ್ಲ. ಆರೋಪಿಯೇ ಕವರು ತೆರೆಯಲು ಕೋರುತ್ತಾರೆ ಅಂತ ಹೇಳಿದರು. ಮೇಡಂ ಐದೂ ಮುದ್ರೆಗಳ ಸ್ಥಿತಿಯನ್ನು ಬರೆಸಿ, ಎಲ್ಲರ ಸಹಿ ತೆಗೆದುಕೊಂಡು, ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿ ಕಾವಲು ನಿಂತೆ. ಒಳಗೆ ಏನಾಯಿತು ಅಂತ ಅಂದು ನನಗೆ ತಿಳಿಯಲಿಲ್ಲ. ಹೊರಗೆ ಬಂದ ಸರ್ಕಾರಿ ವಕೀಲರು ಒಂದು ಲೋಟ ನೀರು ಕೇಳಿ, ಕುಡಿದು, ಇನ್ನೊಂದು ಲೋಟ ಕೇಳಿದರು.

ಮೇಲಿನ ಕಚೇರಿಯಿಂದ ಉಳಿದ ಎರಡು ಪ್ರತಿಗಳನ್ನು ತರಿಸಲು ಇನ್ನೂ ಕೆಲವು ತಾರೀಖು ಹೋದವು. ಅಷ್ಟರಲ್ಲಿ ನನಗೂ ಕುಲಕರ್ಣಿ ಸಾಹೇಬರಿಗೂ ನೋಟೀಸು ಬಂತು. ಅವರು ತಮ್ಮ ಉತ್ತರದಲ್ಲಿ, ಕಪಾಟು ತೆರೆದಿಟ್ಟು ಹೋದದ್ದು ತಮ್ಮ ತಪ್ಪು, ಸಿಪಾಯಿಯದು ಆಮೇಲಿನದು, ಅಂತ ಬರೆದರು. ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಖರೇ ಹೇಳಿದಿ, ಅದಕ್ಕ ಸಿಟ್ಟಿಲ್ಲ. ಅವತ್ತ ಹೇಳಲಿಲ್ಲಲ್ಲ, ಅದಕ್ಕ ಐತಿ." ನನ್ನ ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ ಅಂತ ಒಂದು ಸಾಲು ಬಿತ್ತು. ಅದು ಅಲ್ಲಿ ಇರಬೇಕಾದದ್ದೇ.

ಈಗ ಅರಗು ಕಡಿಮೆಯಾಗಿದೆ. ಪ್ಲಾಸ್ಟಿಕ್ ಚೀಲ, ಅಂಟಿಸುವ ಚೀಟಿ, ಮೊಬೈಲಿನಲ್ಲಿ ಫೋಟೋ. ಸಾಕ್ಷಿಗಳು ಬೇರೆ ಊರಿನಿಂದ ಪರದೆಯ ಮೇಲೆ ಕಾಣಿಸಿಕೊಂಡು ಹೇಳಿಕೆ ಕೊಡುತ್ತಾರೆ. ಅಣಶಿಯ ಕಟ್ಟೆಯ ಮೇಲೆ ಕೂರುವ ಕೆಲಸ ಇನ್ನು ಯಾರಿಗೂ ಬರಲಿಕ್ಕಿಲ್ಲ. ಒಳ್ಳೆಯದೇ ಆಯಿತು. ಆದರೂ ಹೊಸಬರಿಗೆ ಒಂದು ಮಾತು. ನಿಮ್ಮ ಕೈಯಲ್ಲಿ ಏನಾದರೂ ಒಡೆದರೆ ಒಡೆದ ಹಾಗೆಯೇ ಬಿಡಿ. ಇಬ್ಬರನ್ನು ಕರೆಯಿರಿ, ತೋರಿಸಿ, ಬರೆಸಿ. ಕೋರ್ಟಿನಲ್ಲಿ ಒಡಕನ್ನು ಮುಚ್ಚಿದವನಿಗಿಂತ ತೋರಿಸಿದವನೇ ಕೆಲಸಗಾರ. ವರಾಂಡದಲ್ಲಿ ಯಾರಾದರೂ ಬೆಂಚಿನ ತುದಿಗೆ ಕೂತಿದ್ದರೆ, ಅವರು ತಪ್ಪಿತಸ್ಥರೇ ಅಂತ ನನ್ನ ಹಾಗೆ ಮೊದಲೇ ತೀರ್ಮಾನ ಮಾಡಬೇಡಿ.

ಇಂಥ ಪ್ರಕರಣದಲ್ಲಿ ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆದರೂ ತೀರ್ಪನ್ನು ಎಲ್ಲರೆದುರು ಹೇಳಬೇಕು. ಆ ದಿನ ಮೇಡಂ, "ಎರಡೂ ಬಾಗಿಲು ತೆರೆಯಿರಿ" ಅಂದರು. ಪಾವಲೀನಾ ಅವರ ಊರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಒಳಗೆ ಹಿಡಿಸದೆ ಅಂಗಳದಲ್ಲಿ ನಿಂತರು. ಮೇಡಂ ನಕ್ಷೆಯಲ್ಲಿ ಏನಿತ್ತು ಅಂತ ಒಂದು ಮಾತೂ ಹೇಳಲಿಲ್ಲ. ಲಾಡ್ಜಿನಲ್ಲಿ ಸಿಕ್ಕ ಹಾಳೆಯಲ್ಲಿ ಎರಡು ಕಪ್ಪು ಚುಕ್ಕೆಗಳಿವೆ, ಅವು ಮೂಲದಲ್ಲಿದ್ದ ತೂತುಗಳ ಗುರುತು. ಒಂದನೆಯ, ಎರಡನೆಯ ನಂಬರಿನ ಪ್ರತಿಗಳಲ್ಲಿ ತೂತುಗಳಿಲ್ಲ, ಮೂರನೆಯದರಲ್ಲಿ ಅದೇ ಜಾಗದಲ್ಲಿ ಇವೆ. ಮೂರನೆಯದು ಎಂದೂ ಆರೋಪಿಯ ಕೈಗೆ ಬಂದದ್ದಲ್ಲ. ಆರೋಪಿ ಇದನ್ನು ತನಿಖೆಯ ಮೊದಲ ದಿನವೇ ಹೇಳಿದ್ದರು, ಯಾರೂ ಪರಿಶೀಲಿಸಲಿಲ್ಲ. ಇಷ್ಟನ್ನು ನಿಧಾನವಾಗಿ, ಅಂಗಳಕ್ಕೆ ಕೇಳುವ ಹಾಗೆ ಓದಿ, ಆರೋಪಿ ನಿರ್ದೋಷಿ ಅಂತ ಮುಗಿಸಿದರು. ಮೂರನೆಯ ಪ್ರತಿಯನ್ನು ಯಾರು ಹೊರಗೆ ಕೊಟ್ಟರು ಅಂತ ಬೇರೆ ತನಿಖೆಗೂ ಬರೆದರು. ಅದು ನನ್ನ ಕಾಲದಲ್ಲಿ ಮುಗಿಯಲಿಲ್ಲ.

ಪಾವಲೀನಾ ಕಟಕಟೆಯಿಂದ ಇಳಿದು ಮೆಟ್ಟಿಲಿಗೆ ಬಂದಾಗ ಅವರ ತಾಯಿ ಸೆರಗು ಹಿಡಿದು ಎದುರಿಗೆ ನಿಂತರು. ಕಿವಿ ಸ್ವಲ್ಪ ಮಂದ, ಓದಿದ್ದು ಒಂದೂ ಕೇಳಿಸಿರಲಿಲ್ಲ.

"ಏನಂದ್ರವಾ? ಬಿಟ್ರೇನ ನಿನ್ನ?"

ಮಗಳು ತಾಯಿಯ ಕಿವಿಯ ಹತ್ತಿರ ಬಾಗಿದರೂ ಧ್ವನಿ ಇಳಿಸಲಿಲ್ಲ.

"ಬಿಟ್ಟದ್ದಲ್ಲವ್ವಾ. ನೋಡಿದ್ರು. ಬಿಚ್ಚಿ ನೋಡಿದ್ರು."